ಬನ್ನಿಯೊಳಗಿನ ಹುಳ

ಬನ್ನಿ ಕೊಡಲು ಬಂದವರಿಗೆ ಬೇಡ ಅನ್ನುವ ಪದ್ಧತಿ ಹಾನಗಲ್ಲ ಕಡೆ ಇಲ್ಲ. ವರ್ಷವಿಡೀ ಬದುವಿನ ತಂಟೆಯಲ್ಲಿ ಮುಖ ನೋಡದ ಅಣ್ಣತಮ್ಮಂದಿರೂ ದಸರೆಯ ದಿನ ಎದುರಾದರೆ ಕೈಯೊಡ್ಡಿ ಎಲೆ ತೆಗೆದುಕೊಳ್ಳಬೇಕು, ‘ಬನ್ನಿ ತಗೊಂಡು ಬಂಗಾರದಂಗ ಇರೋಣ’ ಅನ್ನಬೇಕು, ಎರಡೆಲೆ ತಿರುಗಿ ಕೊಡಬೇಕು. ತೆಗೆದುಕೊಂಡು ಸುಮ್ಮನಾಗುವುದು ತೆಗೆದುಕೊಳ್ಳದಿರುವುದಕ್ಕಿಂತ ಕೆಟ್ಟದ್ದು. ಅರವತ್ತೇಳು ವರ್ಷ ಹೀಗೇ ನಡೆದುಕೊಂಡು ಬಂದ ಮಾದೇವಿ ಈ ಸಲದ ದಸರೆಗೂ ಹಾಗೇ ನಡೆದುಕೊಂಡಳು. ಬನ್ನಿ ಈ ಸಲ ಕಂಪ್ಯೂಟರಿಗೆ ಬಂದಿತ್ತು, ಅಷ್ಟೇ ಫರಕು.

ಹಬ್ಬದ ಮಧ್ಯಾಹ್ನ ಹೋಳಿಗೆ ಉಂಡು ಕೈತೊಳೆದು ಅವಳು ಕಂಪ್ಯೂಟರಿನ ಮುಂದೆ ಕೂತಿದ್ದಳು. ಫೋನಿನ ಅಕ್ಷರ ಸಣ್ಣವೆಂದು ಸೊಸೆ ಸವಿತಾ ವಾಟ್ಸಾಪನ್ನೂ ಅದರಲ್ಲೇ ಕಾಣುವಂತೆ ಮಾಡಿಕೊಟ್ಟಿದ್ದಳು. ತೆರೆಯ ಮೇಲೆ ಶೀಲಾಳ ಹೆಸರು ಕಂಡಾಗ ಮಾದೇವಿ ಅದನ್ನು ಎರಡು ಸಲ ಓದಿದಳು. ಹಿರೇಕೆರೂರಿನ ಶೀಲಾ ಅವಳ ಕಾಲೇಜಿನ ಗೆಳತಿ. ಒಂದೇ ಕೋಣೆಯಲ್ಲಿ ಮೂರು ವರ್ಷ ಇದ್ದವರು. ಎರಡು ವರ್ಷದಿಂದ ಇಬ್ಬರಿಗೂ ಮಾತಿಲ್ಲ. ಈಗ ಆ ಹೆಸರಿನ ಕೆಳಗೆ ಒಂದು ಗಂಟು, ಅದರ ಮೇಲೆ ‘ಬನ್ನಿ’ ಎಂದು ಬರೆದಿತ್ತು. ಕಂಪ್ಯೂಟರಿನಲ್ಲಿ ಬಿಚ್ಚಿರಿ, ಎಂದೂ ಇತ್ತು.

ಮಾದೇವಿ ಬಿಚ್ಚಿದಳು. ಯಂತ್ರ ಏನೋ ಕೇಳಿತು, ಹೌದು ಎಂದಳು. ಮತ್ತೇನೋ ಕೇಳಿತು, ಅದಕ್ಕೂ ಹೌದು ಎಂದಳು. ಬಂಗಾರ ಬಣ್ಣದ ಒಂದು ಎಲೆ ತೆರೆಯ ಮೇಲೆ ಗಿರಗಿರ ತಿರುಗಿ ಮಾಯವಾಯಿತು. ಶೀಲಾ ಸೋತಳೆಂದಲ್ಲ, ತಾನು ಗೆದ್ದೆನೆಂದೂ ಅಲ್ಲ, ಅಂತೂ ಹಬ್ಬ ಹಬ್ಬವಾಯಿತು ಎಂದು ಕಣ್ಣೊರೆಸಿಕೊಂಡಳು. ಆಮೇಲೆ ಪದ್ಧತಿಯಂತೆ ಬಂದ ಬನ್ನಿಯನ್ನು ತಿರುಗಿ ಶೀಲಾಳಿಗೂ, ಅಲ್ಲಿಂದ ಮುಂದೆ ಇಪ್ಪತ್ತೆರಡು ಜನ ಬೇಕಾದವರಿಗೂ, ಒಬ್ಬೊಬ್ಬರ ಹೆಸರು ಬರೆದು, ತನ್ನ ಕೈಯಾರೆ ಕಳಿಸಿದಳು.

ಆ ಕಂಪ್ಯೂಟರಿನೊಳಗೆ ಏನಿತ್ತೆಂಬುದನ್ನು ಇಲ್ಲಿ ಹೇಳಬೇಕು.

ಸರಕಾರದ ಉತಾರದಲ್ಲಿ, ಅಂದರೆ ಪಹಣಿಯಲ್ಲಿ, ಹೊಲಕ್ಕೆ ಇರುವುದು ನಂಬರು. ಉಳುವವರ ಬಾಯಲ್ಲಿ ಇರುವುದು ಹೆಸರು. ನಿದ್ದಿಗಲ್ಲ ಹೊಲ, ಅತ್ತೀ-ಸೊಸಿ ಪಟ್ಟಿ, ಸತ್ತೆಮ್ಮಿ ಮಡ್ಡಿ, ಹನ್ನೆರಡು ಕೂರಿಗಿ, ಉಪ್ಪಿನ ಮೂಲಿ. ಮೂವತ್ತು ವರ್ಷ ಹೆಣ್ಣುಮಕ್ಕಳ ಶಾಲೆಯಲ್ಲಿ ಭೂಗೋಳ ಕಲಿಸಿ ನಿವೃತ್ತಳಾದ ಮೇಲೆ ಮಾದೇವಿಗೆ, ತಾನು ಕಲಿಸಿದ ನಕಾಶೆಗಳಲ್ಲಿ ಈ ಒಂದು ಹೆಸರೂ ಇರಲಿಲ್ಲ ಎಂಬುದು ಹೊಳೆಯಿತು. ಬಸ್ಸು ಹತ್ತಿ ಹೊರಟಳು. ಹೆಸರು ಗೊತ್ತಿದ್ದದ್ದು ಮುದುಕಿಯರಿಗೆ. ಕಳೆ ತೆಗೆದವರು, ಬುತ್ತಿ ಹೊತ್ತವರು ಅವರು. ಅವರು ಹೇಳಿದ್ದನ್ನು ಬರೆದುಕೊಂಡು ಬಂದು ಟೈಪು ಮಾಡುತ್ತಿದ್ದಳು. ಒಬ್ಬೊಬ್ಬ ಮುದುಕಿಗೂ ಒಂದು ಕಡತ, ಕಡತಕ್ಕೆ ಅವಳದೇ ಹೆಸರು: ಸಿದ್ದವ್ವ–ಆಡೂರು, ಯಂಕವ್ವ–ಹಿರೇಬೆಂಡಿಗೇರಿ, ಹೀಗೆ. ಏಳು ವರ್ಷಕ್ಕೆ ನೂರಾ ನಲವತ್ತಾರು ಮುದುಕಿಯರು. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಈಗ ಇಲ್ಲ.

ಶೀಲಾಳ ಜೊತೆ ಮಾತು ಬಿಟ್ಟದ್ದೂ ಇದರಿಂದಲೇ. “ಇಷ್ಟೆಲ್ಲಾ ಹೊಲದ ಹೆಸರು ಕೂಡಿಸಿ ಏನ್ ಮಾಡ್ತೀ ಮಾದೇವಿ, ಉಪ್ಪಿನಕಾಯಿ ಹಾಕ್ತೀಯೇನು?” ಅಂದಿದ್ದಳು ಅವಳು, ನಾಲ್ಕು ಜನರೆದುರು. ಮಾದೇವಿ ಆ ಹೊತ್ತಿಗೆ ನಕ್ಕು, ಮನೆಗೆ ಬಂದ ಮೇಲೆ ಸಿಟ್ಟಾಗಿದ್ದಳು.

ಹಬ್ಬದ ಮರುದಿನ ಮುಂಜಾನೆ ಅವಳು ತಿದ್ದಲು ತೆಗೆದದ್ದು ಅಬಲೂರಿನ ಭರಮವ್ವನ ಕಡತ. ಯಂತ್ರ ನೂರು ವರ್ಷದ ಮುದುಕಿಯಂತೆ ಏಳಲು ಒಲ್ಲದು, ಕೂರಲು ಒಲ್ಲದು. ಕರೆಯದೇ ಕಿಟಕಿಗಳು ತೆರೆದವು, ಮುಚ್ಚಿದವು. ಉಳಿದ ಕಡತಗಳನ್ನು ನೋಡಿದರೆ ಪ್ರತಿಯೊಂದರ ಮೂಲೆಯಲ್ಲೂ ಒಂದು ಸೊಟ್ಟ ಬಾಣ. ಅಷ್ಟು ದೊಡ್ಡ ಕಡತಗಳ ತೂಕ ಒಂದು ಎಳ್ಳಿನಷ್ಟಾಗಿತ್ತು. ಗಾಬರಿಯಲ್ಲಿ ಅವಳು ಯುಗಾದಿಗೆ ನಕಲು ಇಟ್ಟಿದ್ದ ಪೆನ್ ಡ್ರೈವನ್ನು ತಂದು ಚುಚ್ಚಿದಳು. ಕಣ್ಣೆದುರೇ ಅದರೊಳಗಿನವಕ್ಕೂ ಬಾಣ ಹತ್ತಿದವು. ಮಾದೇವಿ ಎದ್ದು ಗೋಡೆಯ ಪ್ಲಗ್ಗನ್ನೇ ಕಿತ್ತುಬಿಟ್ಟಳು.

“ಏನಾತು?” ಎಂದು ಹೊರಗಿನಿಂದ ಬಂದ ಬಸವಣ್ಣೆಪ್ಪ ಕೇಳಿದ. ಅವಳ ಗಂಡ, ಎಪ್ಪತ್ತು ದಾಟಿದವನು. ಕಾಳಿನ ಅಂಗಡಿಯನ್ನು ಮಗನಿಗೆ ಒಪ್ಪಿಸಿ ಈಗ ಮನೆಯ ಎಲ್ಲ ಸಂಗತಿಗೂ ಸಲಹೆ ಕೊಡುವ ಕೆಲಸ ಹಿಡಿದಿದ್ದ.

“ಏಳು ವರ್ಷ ಹೋತು,” ಎಂದಳು ಮಾದೇವಿ.

ಅವನು ಸಲಹೆ ಕೊಡಲಿಲ್ಲ. ಒಳಗೆ ಹೋಗಿ ನೀರು ತಂದ.

ಸವಿತಾ ಸವಣೂರಿನ ಹುಡುಗಿ. ತವರಿನಲ್ಲಿ ಅವಳಿಗೆ ಕಂಪ್ಯೂಟರು ಕಲಿಸಿದವಳು ಫರ್ಹತ. ಈಗಲೂ ಅಲ್ಲಿ ಹೆಣ್ಣುಮಕ್ಕಳಿಗೆ ಕಲಿಸುತ್ತ, ಕೆಟ್ಟ ಯಂತ್ರಗಳನ್ನು ರಿಪೇರಿ ಮಾಡುತ್ತ ಇದ್ದವಳು. ಸವಿತಾ ಫೋನು ಹಚ್ಚಿ ಅತ್ತೆಯ ಕೈಗೆ ಕೊಟ್ಟಳು.

“ಅಕ್ಕಾರ, ಮದಲ ನೆಟ್ಟಿನ ವೈರ್ ತಗೀರಿ,” ಎಂದಿತು ಆ ದನಿ. “ಮಷಿನ್ ಚಾಲೂ ಮಾಡಬ್ಯಾಡ್ರಿ. ಆ ಪೆನ್ ಡ್ರೈವ್ ಬ್ಯಾರೆ ಎಲ್ಲೂ ಚುಚ್ಚಬ್ಯಾಡ್ರಿ. ನಿಮ್ಮ ಫೋನಿನ್ಯಾಗ, ವಾಟ್ಸಾಪು ಎಲ್ಲೆಲ್ಲಿ ತೆರದೈತಿ ಅಂತ ಒಂದು ಕಡೆ ತೋರಸ್ತೈತಿ, ಸವಿತಾಗ ಗೊತ್ತೈತಿ, ಅಲ್ಲಿಂದ ಕಂಪ್ಯೂಟರಿನ ಹೆಸರು ಅಳಿಸ್ರಿ. ನಾಳೆ ಮುಂಜಾನಿ ಬಸ್ಸಿಗೆ ಬರ್ತೇನಿ. ಊಟ ಮಾಡ್ರಿ ಇವತ್ತ, ಉಪವಾಸ ಕುಂದರಬ್ಯಾಡ್ರಿ.”

ಊಟದ ಮಾತು ಅವಳಿಗೆ ಹೇಗೆ ಗೊತ್ತಾಯಿತೋ. ಮಾದೇವಿ ಅರ್ಧ ರೊಟ್ಟಿ ತಿಂದಳು.

ಮರುದಿನ ಹತ್ತಕ್ಕೆ ಫರ್ಹತ ಬಂದಳು. ನಲವತ್ತರ ಹತ್ತಿರದ ಹೆಂಗಸು, ತಲೆಯ ಮೇಲೆ ಹಸಿರು ದುಪಟ್ಟಾ, ಹೆಗಲಿಗೆ ಒಂದು ಚೀಲ, ಕೈಯಲ್ಲಿ ಬಾಳೆಪಟ್ಟೆಯಲ್ಲಿ ಸುತ್ತಿದ ಸವಣೂರಿನ ಎಳೆ ವೀಳ್ಯದೆಲೆ. ಎಲೆಯ ಕಟ್ಟನ್ನು ದೇವರ ಜಗುಲಿಯ ಕಡೆ ಇಡಲು ಸವಿತಾಳ ಕೈಗೆ ಕೊಟ್ಟು, ಯಂತ್ರದ ಕಡೆ ತಿರುಗಿದಳು.

“ಯಾವಾಗಿಂದ ಆರಾಮ ಇಲ್ಲರಿ ಇದಕ್ಕ?”

ಯಾರು ಒತ್ತಿದರು, ಯಾಕೆ ಒತ್ತಿದರು ಎಂದು ಅವಳು ಕೇಳಲಿಲ್ಲ. ಮಾದೇವಿ ತಾನೇ ಎಲ್ಲ ಹೇಳಿದಳು; ಶೀಲಾ, ಎರಡು ವರ್ಷದ ಮೌನ, ತಿರುಗಿ ಕೊಟ್ಟ ಬನ್ನಿ.

“ಬನ್ನಿ ಒಲ್ಲೆ ಅನ್ನಾಕ ಬರ್ತೈತೇನ್ರಿ,” ಎಂದಳು ಫರ್ಹತ. “ನಮ್ಮ ಓಣ್ಯಾಗ ನಾವೂ ತಗೋತೇವಿ, ಕೊಡ್ತೇವಿ. ಇದನ್ನ ಮಾಡಿದಾವ ಎಲ್ಲಿ ಕುಂತಾನೋ, ಅವಗ ಬನ್ನಿ ಅಂದ್ರ ಏನಂತನೂ ಗೊತ್ತಿರಂಗಿಲ್ಲ. ಹಬ್ಬದ ಹೆಸರು ಹಚ್ಚಿದ್ರ ಮಂದಿ ಬಾಗಲಾ ತಗೀತಾರ ಅನ್ನೂದಷ್ಟ ಗೊತ್ತು.”

ಅವಳು ಕೂತ ಕುರ್ಚಿ ಭರಮವ್ವ ಕೂತ ಕುರ್ಚಿ. ಅದನ್ನು ನೋಡಿ ಮಾದೇವಿಗೆ ಆ ಮುದುಕಿ ನೆನಪಾದಳು.

ಭರಮವ್ವ ಸುಲಭಕ್ಕೆ ಹೆಸರು ಕೊಟ್ಟವಳಲ್ಲ. ಮಾದೇವಿ ಮೊದಲ ಸಲ ಅಬಲೂರಿಗೆ ಹೋದಾಗ ಅವಳು ಶೇಂಗಾದ ಕಳೆ ತೆಗೆಯುತ್ತಿದ್ದಳು. “ಹೆಸರು ಹೇಳಕೋಂತ ಕುಂತ್ರ ಕಳೆ ಯಾರ ತಗೀತಾರವ್ವ?” ಎಂದು ಬೆನ್ನು ತಿರುಗಿಸಿದ್ದಳು. ಮಾದೇವಿ ಬದುವಿನ ಮೇಲೆ ಬೇವಿನ ನೆರಳಲ್ಲಿ ವಹಿ ತೆರೆದಿಟ್ಟುಕೊಂಡು ಸಂಜೆಯವರೆಗೂ ಕೂತಿದ್ದಳು. ಒಂದಕ್ಷರ ಬರೆಯಲಾಗಲಿಲ್ಲ. ಮಧ್ಯಾಹ್ನ ಭರಮವ್ವ ಬಂದು ತನ್ನ ಬುತ್ತಿಯ ರೊಟ್ಟಿಯಲ್ಲಿ ಅರ್ಧ ಮುರಿದು, ಪುಂಡಿಪಲ್ಲೆ ಇಟ್ಟು, ಮಾತಾಡದೆ ಕೊಟ್ಟು ಹೋದಳು. ಹೆಸರು ಬಂದದ್ದು ಮುಂದೆ ಎಷ್ಟೋ ದಿನಕ್ಕೆ, ಈ ಬೇಸಿಗೆಯಲ್ಲಿ. ಕಣ್ಣಿನ ಆಪರೇಷನ್ನಿಗೆಂದು ಹಾನಗಲ್ಲಿಗೆ ಬಂದವಳು ನಾಲ್ಕು ದಿನ ಇದೇ ಮನೆಯಲ್ಲಿ ಉಳಿದಳು. ಕರಿ ಕನ್ನಡಕ ಹಾಕಿಕೊಂಡು ಇದೇ ಕುರ್ಚಿಯಲ್ಲಿ ಕೂತು, ಕಣ್ಣಿಗೆ ಕಾಣದ ಹೊಲಗಳನ್ನು ಒಂದೊಂದಾಗಿ ದಾಟುತ್ತ, ಎಂಬತ್ತನಾಲ್ಕು ಹೆಸರು ಹೇಳಿದಳು. ಮಾದೇವಿ ಕೇಳುತ್ತ ಕೇಳುತ್ತ ನೇರ ಟೈಪು ಮಾಡಿದಳು, ವಹಿಗೆ ಬರೆದುಕೊಳ್ಳಲೇ ಇಲ್ಲ.

“ನಾ ಹೇಳೂದು ಅದರಾಗ ಹೊಕ್ಕೈತೇನವ್ವ?” ಎಂದು ಕೇಳಿ, ಭರಮವ್ವ ಕೈಚಾಚಿ ಮೇಜಿನ ಕೆಳಗಿನ ಕಂಪ್ಯೂಟರಿನ ಡಬ್ಬಿಯನ್ನು ಮುಟ್ಟಿದ್ದಳು. “ಬೆಚ್ಚಗೈತಿ. ಜೀವ ಐತಿ ಬಿಡು ಇದಕ್ಕ.”

ಶ್ರಾವಣದಲ್ಲಿ ಅವಳು ತೀರಿಕೊಂಡಳು.

“ಇದನ್ನ ನೇರ ಚಾಲೂ ಮಾಡಿದ್ರ ಒಳಗಿನ ಕಳ್ಳನೂ ಜೋಡೀಲೆ ಏಳ್ತಾನ್ರಿ,” ಎನ್ನುತ್ತ ಫರ್ಹತ ತನ್ನ ಚೀಲದಿಂದ ಬೇರೆ ಪೆನ್ ಡ್ರೈವ್ ತೆಗೆದಳು. “ಅದಕ್ಕ ಮನೀ ದೀಪ ಹಚ್ಚಬಾರದು. ನಮ್ಮ ಬ್ಯಾಟ್ರಿ ತಗೊಂಡು ಒಳಗ ಹೋಗಿ ಮೂಲಿ ಮೂಲಿ ನೋಡಬೇಕು. ಅವ ಮಲಗಿರ್ತಾನ, ಸಿಗ್ತಾನ.”

“ಕಳ್ಳ ಮಲಗಿದ್ದಾಗ ಹಿಡಿಯೂದು ನಮ್ಮ ಪೊಲೀಸರಿಗೂ ಹೇಳಿಕೊಡವಾ,” ಎಂದ ಬಸವಣ್ಣೆಪ್ಪ.

“ಅವರು ಫೀ ಕೊಡಂಗಿಲ್ಲರಿ ಕಾಕಾ.”

ಯಂತ್ರ ಎದ್ದಿತು. ತೆರೆ ಯಾವಾಗಿನಂತೆ ಇರಲಿಲ್ಲ; ಫರ್ಹತಳ ಪೆನ್ ಡ್ರೈವಿನೊಳಗಿನದೇ ಒಂದು ಸಣ್ಣ ಲೋಕ ಅಲ್ಲಿ ತೆರೆದುಕೊಂಡಿತ್ತು. ಅವಳು ಎರಡು ಕಡೆ ಒತ್ತಿ, ಕೈ ಕಟ್ಟಿ ಕೂತಳು. ತೆರೆಯ ಕೆಳಗಿನ ಒಂದು ಸಾಲಿನಲ್ಲಿ, ಈಗ ಯಾವ ಕಡತವನ್ನು ನೋಡಲಾಗುತ್ತಿದೆಯೋ ಅದರ ಹೆಸರು ಓಡತೊಡಗಿತು. ಮೊದಮೊದಲು ಬರೀ ಇಂಗ್ಲಿಷ್ ಅಕ್ಷರ, ಅಂಕಿ, ಗೀಟು. ಮನುಷ್ಯರು ಓದಲೆಂದು ಬರೆದದ್ದಲ್ಲ. ಸಾವಿರ, ಐದು ಸಾವಿರ, ನಲವತ್ತು ಸಾವಿರ. ತನ್ನ ಮೇಜಿನ ಕೆಳಗಿನ ಆ ಡಬ್ಬಿಯಲ್ಲಿ ಇಷ್ಟು ಓಣಿ, ಇಷ್ಟು ಬಾಗಿಲು ಇದ್ದವೆಂದು ಮಾದೇವಿಗೆ ಗೊತ್ತಿರಲಿಲ್ಲ. ಅವಳು ಮೂರು ಕೋಣೆಯ ಮನೆಯೆಂದುಕೊಂಡು ಏಳು ವರ್ಷ ಒಂದು ಪಟ್ಟಣದ ಹೊಸ್ತಿಲಲ್ಲಿ ಕೂತಿದ್ದಳು.

ನಡುನಡುವೆ ಒಂದು ಕೆಂಪು ಗೆರೆ ಮೂಡಿ ನಿಲ್ಲುತ್ತಿತ್ತು. “ಒಂದು,” ಅನ್ನುತ್ತಿದ್ದಳು ಫರ್ಹತ. “ಇಲ್ಲೊಂದು ಕುಂತಾನ. ನೋಡ್ರಿ, ಮಷಿನ್ ಚಾಲೂ ಆದಕೂಡಲೇ ಏಳೋ ಹಂಗ ಬಾಗಲ್ದಾಗ ಮಲಗ್ಯಾನ.”

ಮುಕ್ಕಾಲು ತಾಸು ಕಳೆದಿರಬೇಕು. ಸವಿತಾ ಚಹಾ ತಂದಿಟ್ಟಳು. ಇದ್ದಕ್ಕಿದ್ದಂತೆ ಆ ಸಾಲಿನಲ್ಲಿ ಕನ್ನಡ ಬಂತು.

ಸಿದ್ದವ್ವ–ಆಡೂರು.

ಮಾದೇವಿ ಎದ್ದು ನಿಂತಳು. ಮುಂದಿನದು ಬಂದಾಗಿತ್ತು. ಗಂಗವ್ವ, ಯಂಕವ್ವ, ಹೊನ್ನವ್ವ, ಫಕೀರವ್ವ, ನಾಗವ್ವ. ಒಂದೊಂದು ಹೆಸರೂ ರೆಪ್ಪೆ ಬಡಿಯುವಷ್ಟು ಹೊತ್ತು ತೆರೆಯ ಮೇಲೆ ನಿಂತು ಸರಿಯುತ್ತಿತ್ತು. ತಾನು ಬಸ್ಸಿನಲ್ಲಿ, ಟಂಟಂ ಆಟೋದಲ್ಲಿ, ಕೆಸರಲ್ಲಿ ಚಪ್ಪಲಿ ಕೈಗೆ ಹಿಡಿದು, ಏಳು ವರ್ಷ ಮುಟ್ಟಿದ ಬಾಗಿಲುಗಳನ್ನೆಲ್ಲ ಯಾವುದೋ ಕಣ್ಣಿಗೆ ಕಾಣದ ಹೆಂಗಸು ಒಂದೇ ಉಸಿರಿನಲ್ಲಿ ತಟ್ಟಿಕೊಂಡು ಹೋಗುತ್ತಿದ್ದಳು. ಆರಾಮ ಇದ್ದೀರಿಲ್ಲೋ ಎಂದು ಕೇಳುತ್ತಿದ್ದಳು. ಅವರೆಲ್ಲ ಇದ್ದರು. ಸತ್ತವರು ಯಾರು, ಇದ್ದವರು ಯಾರು ಎಂಬ ಭೇದವಿಲ್ಲದೆ ಸಾಲಾಗಿ, ತಂತಮ್ಮ ಊರಿನ ಹೆಸರಿನೊಡನೆ, ಒಬ್ಬರೂ ತಪ್ಪದೆ. ಭರಮವ್ವ–ಅಬಲೂರು ಎಂಬುದೂ ಬಂದು ಹೋಯಿತು. ಮಾದೇವಿಯ ಕೈ ತಾನಾಗಿ ಮುಗಿದುಕೊಂಡಿತ್ತು.

ಫರ್ಹತ ಅದನ್ನು ನೋಡಿಯೂ ನೋಡದವಳಂತೆ ಚಹಾದ ಕಪ್ಪು ಕೈಗೆತ್ತಿಕೊಂಡು, ತೆರೆಗೆ ಅಡ್ಡವಾಗಿದ್ದ ತನ್ನ ಹೆಗಲನ್ನು ಒಂದಿಷ್ಟು ಪಕ್ಕಕ್ಕೆ ಸರಿಸಿದಳು.

“ಆದ್ರ ಅವು ಕಾಣವಲ್ಲವಲ್ಲ?” ಎಂದಳು ಮಾದೇವಿ.

“ಈ ಜಾತೀ ಹುಳ ಕದಿಯಂಗಿಲ್ಲರಿ, ಮುಚ್ಚಿಡ್ತೈತಿ. ನಿಮ್ಮ ಕಡತದ ಮ್ಯಾಲೆ ಕಂಬಳಿ ಹೊಚ್ಚಿ, ಬಾಜೂಕ ಅದರ ಹೆಸರಿನ್ಯಾಗ ತನ್ನ ಬಾಗಲಾ ಇಡ್ತೈತಿ. ನೀವು ಸಿದ್ದವ್ವನ ಮನಿ ಅಂತ ಒತ್ತಿದಾಗೆಲ್ಲಾ ಅದಕ್ಕ ಹಾಲು ಹಾಕಿದಂಗ.”

ಕೆಂಪು ಗೆರೆಗಳೆಲ್ಲ ಸೇರಿ ನಲವತ್ತೊಂದಾದವು. ಅವನ್ನೆಲ್ಲ ಕಿತ್ತುಹಾಕಿ, ಪೆನ್ ಡ್ರೈವಿಗೂ ಅದೇ ಶಾಸ್ತ್ರ ಮಾಡಿ, ಇನ್ನೊಂದು ಸಲ ಹುಡುಕಿಸಿ, ಏನೂ ಸಿಗದಾದ ಮೇಲೆ ಫರ್ಹತ ಕರಿಯ ತೆರೆಯೊಂದನ್ನು ತೆಗೆದು ಒಂದೇ ಒಂದು ಸಾಲು ಟೈಪು ಮಾಡಿದಳು. ಮಾದೇವಿ ನೋಡುತ್ತಿದ್ದಂತೆ ಸೊಟ್ಟ ಬಾಣಗಳು ಹೋಗಿದ್ದ ಖಾಲಿ ಜಾಗದಲ್ಲಿ ಕಡತಗಳು ಮೂಡಿದವು. ಬೆಳಗಿನ ಮಂಜು ಸರಿದಾಗ ಒಂದೊಂದೇ ಬದು ಕಾಣುವ ಹಾಗೆ. ನೂರಾ ನಲವತ್ತಾರು.

ಬಸವಣ್ಣೆಪ್ಪ ಎಣಿಸಿ ನೋಡಿ, “ಪೂರಾ ಐತಿ,” ಎಂದ. ಅವನ ದನಿ ಸಣ್ಣದಾಗಿತ್ತು.

ಮಾದೇವಿ ಮೊದಲು ತೆಗೆದದ್ದು ಭರಮವ್ವನನ್ನು. ಎಂಬತ್ತನಾಲ್ಕು ಹೆಸರಿರಬೇಕಾದಲ್ಲಿ ಖಾಲಿ ಚೌಕಗಳು, ಪ್ರಶ್ನೆಯ ಗುರುತುಗಳು, ಹುಳು ತಿಂದ ಎಲೆಯಂಥ ಪುಟ.

ಫರ್ಹತ ಮುಂದಕ್ಕೆ ಬಾಗಿದಳು. ಯಂತ್ರ ತನ್ನ ಅನುಕೂಲಕ್ಕೆ ಗುಟ್ಟಾಗಿ ಇಟ್ಟುಕೊಳ್ಳುವ ನಕಲನ್ನು ಹುಡುಕಿದಳು. ಅಳಿಸಿದ ಕಡತಗಳನ್ನು ಕೆದಕುವ ಮತ್ತೊಂದು ಉಪಕರಣ ಹಚ್ಚಿದಳು. ಪೆನ್ ಡ್ರೈವ್ ನೋಡಿದಳು; ಅದು ಯುಗಾದಿಯದು, ಭರಮವ್ವ ಬಂದದ್ದು ಅದರ ನಂತರ. ಊಟಕ್ಕೆ ಏಳಿರೆಂದು ಸವಿತಾ ಎರಡು ಸಲ ಕರೆದಳು. ಕೊನೆಗೆ ಫರ್ಹತ ಕುರ್ಚಿ ಹಿಂದೆ ಸರಿಸಿದಳು.

“ಇದೊಂದು ನನ್ನ ಕೈಲಿ ಆಗಂಗಿಲ್ಲರಿ ಅಕ್ಕಾರ. ಸುಳ್ಳು ಆಸೆ ಹಚ್ಚಬಾರದು.”

“ಅದು ತೆರದಿತ್ತು,” ಎಂದಳು ಮಾದೇವಿ. “ನಾ ಪ್ಲಗ್ ಕಿತ್ತಾಗ ಅದು ತೆರದಿತ್ತು. ಹಂಗಾಗಿ ಹೋತೇನು?”

ಫರ್ಹತ ಆ ಪ್ರಶ್ನೆಗೆ ಉತ್ತರ ಹೇಳುವ ಬದಲು ಎದ್ದು ಅವಳ ಕೈ ಹಿಡಿದುಕೊಂಡಳು. “ಏಳ್ರಿ, ಉಣ್ಣೋಣು. ನನಗೂ ಹಸಿವಾಗೇತಿ.” ಹುಳ ಕೆಡಿಸದೆ ಬಿಟ್ಟದ್ದನ್ನು ತನ್ನ ಕೈಯೇ ಕೆಡಿಸಿತ್ತೆಂದು ಮಾದೇವಿಗೆ ಆ ಉತ್ತರದಲ್ಲಿಯೇ ತಿಳಿಯಿತು. ಆದರೆ ಅದನ್ನು ಹೀಗೂ ಹೇಳಬಹುದೆಂಬುದು ಅವಳಿಗೆ ಗೊತ್ತಿರಲಿಲ್ಲ.

ಊಟವಾದ ಮೇಲೆ ಕಾವಲಿನ ಮಾತು ಬಂತು. ತೆರೆಯ ಬಲಮೂಲೆಯಲ್ಲಿ ಎರಡು ಸಣ್ಣ ಚಿತ್ರಗಳಿದ್ದವು. ಒಂದು ಯಂತ್ರದ ಜೊತೆ ಪುಕ್ಕಟೆ ಬಂದು, ಅವಧಿ ಮುಗಿದು, ಎರಡು ವರ್ಷದಿಂದ ದಿನಾ ಹಳದಿ ಚೀಟಿ ತೋರಿಸುತ್ತಿದ್ದ ಆಂಟಿವೈರಸ್. ಮಾದೇವಿ ದಿನಾ ಅದನ್ನು ಮುಚ್ಚುತ್ತಿದ್ದಳು. ಇನ್ನೊಂದು, ಹುಲಿಯ ಮುಖದ್ದು, ಬಸವಣ್ಣೆಪ್ಪ ಯಾವುದೋ ಜಾಹೀರಾತು ಒತ್ತಿ ತಂದು ಕೂರಿಸಿದ್ದು.

“ಒಂದಕ್ಕಿಂತ ಎರಡು ಚಲೋ ಅಲ್ಲೇನು?” ಎಂದ ಅವನು.

“ಕಾಕಾ, ಒಂದು ಹೊಲಕ್ಕ ಇಬ್ಬರು ಕಾವಲಿಗೆ ಇಟ್ಟು, ಒಬ್ಬರ ಸುದ್ದಿ ಒಬ್ಬರಿಗೆ ಹೇಳದಿದ್ರ ಏನಾಕ್ಕೈತಿ?”

“ಒಬ್ಬರನ್ನೊಬ್ಬರು ಕಳ್ಳ ಅಂತ ಹಿಡಕೊಂಡು ಬಡದಾಡ್ತಾರ.”

“ಅದರಾಗ ಒಬ್ಬಾವ ಎರಡು ವರ್ಷದಿಂದ ನಿದ್ದಿ ಹೊಡಿಯಾಕತ್ತಾನ. ಇನ್ನೊಬ್ಬಾವ ಹುಲಿ ವೇಷ ಹಾಕಿದಾವ, ಅವನ ಚೀಲದಾಗೂ ಮೂರು ಹುಳ ಸಿಕ್ಕಾವ. ಇವರಿಬ್ಬರನ್ನ ನೋಡಿ ಮನೀ ನಾಯಿ ಸುಮ್ಮನ ಮೂಲ್ಯಾಗ ಮಲಗೈತಿ.”

“ನಮ್ಮಾವರಿಗೆ ಹುಲಿ ಅಂದ್ರ ಮದಲಿಂದ ಪ್ರೀತಿ,” ಎಂದಳು ಸವಿತಾ ಅಡಿಗೆಮನೆಯಿಂದ. ಬಸವಣ್ಣೆಪ್ಪ ಕಿವಿ ಕೇಳದವನಂತೆ ಕೂತ.

ಯಂತ್ರದೊಳಗೇ ಇರುವ ಕಾವಲು ಒಂದಿದೆ, ಅದು ಈ ಗದ್ದಲದಲ್ಲಿ ಆರಿಹೋಗಿತ್ತು ಎಂದು ಫರ್ಹತ ತೋರಿಸಿದಳು. ಮಾದೇವಿ ತಾನು ಕೊಂಡು ಹಾಕಬೇಕೋ ಬೇಡವೋ, ಯಾವುದು ಒಳ್ಳೆಯದು ಎಂದು ಕೇಳಿದಳು. ಫರ್ಹತ ತನ್ನ ಫೋನಿನಲ್ಲಿ ಒಂದು ಪಟ್ಟಿ ತೆಗೆದು ಅವಳ ಮುಂದೆ ಹಿಡಿದಳು. “ಕಂಪನಿಯವರು ಹೇಳೂದು ಕೇಳಬ್ಯಾಡ್ರಿ. ಇವನ್ನ ಪರೀಕ್ಷಾ ಮಾಡಾವರು ಬ್ಯಾರೇನ ಇರ್ತಾರ. ನಿಜವಾದ ಹುಳ ಬಿಟ್ಟು, ಎಷ್ಟು ಹಿಡೀತು, ಎಷ್ಟು ಬಿಡ್ತು, ಸುಳ್ಳ ಸುಳ್ಳ ಎಷ್ಟು ಬೊಗಳ್ತು ಅಂತ ಮಾರ್ಕ್ಸ್ ಕೊಡ್ತಾರ.”

ಮೂವತ್ತು ವರ್ಷ ಮಾರ್ಕ್ಸ್ ಕೊಟ್ಟ ಕೈ ಕನ್ನಡಕ ಏರಿಸಿಕೊಂಡಿತು. ಜಗತ್ತಿನ ಯಾವುದೋ ಊರಿನಲ್ಲಿ ಯಾರೋ ಕೂತು, ತಮಗೆ ಎಂದೂ ಕಾಣದ ಹಾನಗಲ್ಲಿನ ಒಬ್ಬ ಹೆಂಗಸಿನ ಸಲುವಾಗಿ ಸಾವಿರಾರು ಹುಳಗಳನ್ನು ಒಂದೊಂದಾಗಿ ಬಿಟ್ಟು ನೋಡಿ ಬರೆದಿಟ್ಟಿದ್ದರು. ಮೊದಲ ಏಳೆಂಟರ ನಡುವೆ ಹೆಚ್ಚು ಕಡಿಮೆ ಇರಲಿಲ್ಲ. ಮನೆ ನಾಯಿಯೂ ಅವುಗಳ ಸಾಲಿನಲ್ಲೇ ಇತ್ತು. “ಬ್ಯಾಂಕಿನ ಕೆಲಸ, ಬ್ಯಾರೆ ಬ್ಯಾರೆ ಮಂದಿ ಕೈ ಹಾಕೂದು ಇದ್ರ ಒಂದು ಕೊಳ್ರಿ, ಒಂದ ಒಂದು,” ಎಂದಳು ಫರ್ಹತ. “ನಿಮ್ಮ ಕೆಲಸಕ್ಕ ಇದು ಸಾಕು. ಆದ್ರ ದಿನಾ ಅದಕ್ಕ ಹೊಸಾ ಸುದ್ದಿ ಮುಟ್ಟಬೇಕು. ಚೀಟಿ ತೋರಿಸಿದ್ರ ಮುಚ್ಚಬಾರದು, ಓದಬೇಕು.”

“ಬೊಗಳೂದು ಕಮ್ಮಿ ಇದ್ದದ್ದ ಇರಲಿ,” ಎಂದಳು ಮಾದೇವಿ. ಹುಲಿಯೂ ನಿದ್ದೆಬುರುಕನೂ ಹೊರಗೆ ಹೋದರು. ಮೂಲೆಯಲ್ಲಿ ಒಂದು ಸಣ್ಣ ಹಸಿರು ಗುರುತು ಎಚ್ಚರವಾಯಿತು.

“ಇನ್ನ ಇದು,” ಎಂದು ಫರ್ಹತ ಪೆನ್ ಡ್ರೈವ್ ಎತ್ತಿ ಹಿಡಿದಳು. “ವಾರಕ್ಕೊಮ್ಮೆ ನಕಲು ಮಾಡಿ ತಗದಿಡ್ರಿ. ಮಷಿನ್ನಿಗೆ ಆರಾಮ ಇಲ್ಲದಾಗ ಮಾತ್ರ ಇದನ್ನ ಚುಚ್ಚಬಾರದು.”

ಮಾದೇವಿಗೆ ತನ್ನ ಅವ್ವನ ದನಿ ಕೇಳಿದಂತಾಯಿತು. ಮನೆಯ ಕಾಳಿಗೆ ನುಸಿ ಹತ್ತಿದ ದಿನ ಬೀಜದ ಗಡಿಗೆಯ ಬಾಯಿ ತೆರೆಯಬೇಡ ಎಂದು ಅವ್ವ ಬೈಯುತ್ತಿದ್ದಳು. ಬೂದಿ ಹಾಕಿ, ಸೆಗಣಿ ಮೆತ್ತಿ, ಅಟ್ಟದ ಮೇಲಿಡುತ್ತಿದ್ದಳು. ಗೊತ್ತಿದ್ದದ್ದೇ. ಗೊತ್ತಿದ್ದದ್ದು ಇಲ್ಲಿಗೂ ಹೊಂದುತ್ತದೆಂದು ಗೊತ್ತಿರಲಿಲ್ಲ.

“ಇನ್ನೊಂದು ಕೆಲಸ ಐತ್ರಿ, ಅದು ನನ್ನದಲ್ಲ, ನಿಮ್ಮದು,” ಎಂದಳು ಫರ್ಹತ. “ನೀವು ಬನ್ನಿ ಕೊಟ್ಟಾವರಿಗೆ ಫೋನ್ ಹಚ್ಚಿ, ಬಿಚ್ಚಬ್ಯಾಡ್ರಿ ಅನ್ನಬೇಕು. ಇನ್ನ ಮುಂದ ಏನ ಬರಲಿ, ಯಾರ ಹೆಸರೀಲೆ ಬರಲಿ, ಮದಲ ಅವರಿಗೇ ಫೋನ್ ಮಾಡಿ ಕೇಳ್ರಿ, ನೀವ ಕಳಿಸೀರೇನ್ರಿ ಅಂತ. ಆಮ್ಯಾಲೆ ತಗೀರಿ.”

ಮೊದಲು ಶೀಲಾ. ಗಂಟೆ ಹೊಡೆಯಿತು, ಶೀಲಾ ಎತ್ತಿದಳು.

“ಬನ್ನಿ ನೀ ಕಳಿಸೀಯೇನು?” ಎಂದಳು ಮಾದೇವಿ.

“ಇಲ್ಲ,” ಎಂದಳು ಶೀಲಾ. “ನನ್ನ ಮಷಿನ್ನಿಗೂ ಅದ ಆಗೇತಿ, ತಾನ ಎಲ್ಲಾರಿಗೂ ಹಂಚೇತಂತ. ನಾ ಖರೇನ ಕಳಸಬೇಕಂತ ಮಾಡಿದ್ನಿ ಮಾದೇವಿ. ಹೋದ ವರ್ಷನೂ ಮಾಡಿದ್ನಿ.”

“ನಾ ನಿನಗೂ ತಿರುಗಿ ಕಳಿಸೇನಿ. ಬಿಚ್ಚಬ್ಯಾಡ.”

“ಬಿಚ್ಚಿಬಿಟ್ಟೇನಿ. ನಿನ್ನ ಹೆಸರಿತ್ತಲ್ಲ.”

ಆಮೇಲೆ ಶೀಲಾ, “ಉಪ್ಪಿನಕಾಯಿ ಕೆಟ್ಟಿಲ್ಲಲ್ಲ?” ಎಂದು ಕೇಳಿದಳು. ಮಾದೇವಿಗೆ ಅಳುವೋ ನಗುವೋ ತಿಳಿಯದಾಯಿತು. “ಒಂದು ಭರಣಿ ಹೋತು,” ಎಂದಳು. “ನಾಳೆ ಸವಣೂರಿನ ಫರ್ಹತನ್ನ ನಿನ್ನ ಕಡೆ ಕಳಸ್ತೇನಿ, ಮಷಿನ್ ಚಾಲೂ ಮಾಡಬ್ಯಾಡ.”

ಒಬ್ಬೊಬ್ಬರೊಡನೆಯೂ ಮಾತಾಡುತ್ತ ಹೋದಳು. ಶಿಗ್ಗಾವಿಯ ಹಳೆಯ ಸಹೋದ್ಯೋಗಿ ಬಿಚ್ಚಿರಲಿಲ್ಲ. ಹಿರೇಬೆಂಡಿಗೇರಿಯ ಒಬ್ಬಳು ಬಿಚ್ಚಿ, ಏನೂ ಆಗಿಲ್ಲರಿ, ನೀವು ಮನಸಿಗೆ ಹಚ್ಚಿಕೋಬ್ಯಾಡ್ರಿ ಎಂದಳು. ಮಾದೇವಿ ಅವಳಿಗೂ ಮಷಿನ್ ಬಂದ್ ಮಾಡಲು ಹೇಳಿದಳು. ನಿಮ್ಮಿಂದ ಹಿಂಗಾತು ಎಂದು ಒಬ್ಬರಾದರೂ ಅನ್ನುತ್ತಾರೆಂದು ಪ್ರತಿ ಸಲ ಕಾದಳು. ಯಾರೂ ಅನ್ನಲಿಲ್ಲ.

ಅಬಲೂರಿನ ನಂಬರನ್ನು ಅವಳು ಕೊನೆಗೆ ಇಟ್ಟುಕೊಂಡಿದ್ದಳು. ಮಲ್ಲಿಕಾ ಭರಮವ್ವನ ಮೊಮ್ಮಗನ ಹೆಂಡತಿ.

“ಒತ್ತಿದ್ನಿರಿ, ನಮ್ಮ ಫೋನಿನ್ಯಾಗ ತೆರೀಲೇ ಇಲ್ಲ,” ಎಂದಳು ಅವಳು. “ಅಳಿಸ್ತೇನಿ ಬಿಡ್ರಿ. ಯಾಕ್ರಿ ಅಕ್ಕಾರ, ದನಿ ಹಂಗ್ಯಾಕ ಐತಿ?”

ಹೇಳಬಾರದೆಂದುಕೊಂಡಿದ್ದ ಮಾದೇವಿ ಹೇಳಿಬಿಟ್ಟಳು. ಭರಮವ್ವ ಕೊಟ್ಟ ಎಂಬತ್ತನಾಲ್ಕು ಹೆಸರು ತನ್ನ ಕೈಯಿಂದಲೇ ಹೋದವು ಎಂದಳು. ನಾಲ್ಕು ದಿನ ಕರಿ ಕನ್ನಡಕ ಹಾಕಿಕೊಂಡು ಕೂತು ಹೇಳಿದ್ದಳು ಎಂದಳು.

“ಹೋಗ್ಯಾವಂದ್ರ?” ಎಂದಳು ಮಲ್ಲಿಕಾ. “ಇಲ್ಲೇ ಅದಾವಲ್ಲರಿ.”

“ಎಲ್ಲಿ?” ಎಂದಳು ಮಾದೇವಿ.

“ನೀವ ಕೊಟ್ಟ ಹಾಳಿ. ದೊಡ್ಡ ಅಕ್ಷರದ್ದು. ಭರಮವ್ವಮ್ಮ ಊರಿಗೆ ಬಂದಾಕಿನ ಅದನ್ನ ದೇವರ ಕ್ವಾಣ್ಯಾಗ ಕಾಜಿನ ಕಟ್ಟು ಹಾಕಿಸಿ ಇಡ್ರಿ ಅಂದ್ಲು. ತಡೀರಿ, ಫೋಟೋ ಹೊಡದು ಕಳಸ್ತೇನಿ.”

ಹೆಸರು ಕೊಟ್ಟ ಪ್ರತಿ ಮುದುಕಿಗೂ ಮಾದೇವಿ ಅವಳ ಪಟ್ಟಿಯನ್ನು ದೊಡ್ಡ ಅಕ್ಷರದಲ್ಲಿ ಅಚ್ಚು ಹಾಕಿ ಕೊಡುತ್ತಿದ್ದಳು. ತೆಗೆದುಕೊಂಡ ಮೇಲೆ ತಿರುಗಿ ಕೊಡಬೇಕು, ಅಷ್ಟೇ; ಅದನ್ನು ಯಾರಾದರೂ ಇಟ್ಟುಕೊಳ್ಳುತ್ತಾರೆಂದು ಅವಳು ಎಣಿಸಿರಲಿಲ್ಲ. ಆಡೂರಿನಲ್ಲಿ ಸಿದ್ದವ್ವನ ಹಾಳೆಯನ್ನು ಹಿಟ್ಟಿನ ಡಬ್ಬಿಯ ಕೆಳಗೆ ಹಾಸಿದ್ದನ್ನು ತಾನೇ ಕಂಡಿದ್ದಳು. ಭರಮವ್ವನಿಗಂತೂ ಓದು ಬರಹ ಇರಲಿಲ್ಲ.

ಫೋನು ಟಿಣ್ ಎಂದಿತು. ಮಲ್ಲಿಕಾಳ ಹೆಸರ ಕೆಳಗೆ ಮಸುಕಾದ ಒಂದು ಚೌಕ. ಮಾದೇವಿಯ ಬೆರಳು ಅದರ ಮೇಲೆ ಹೋಗಿ, ನಿಂತು, ಹಿಂದೆ ಬಂತು. ಅವಳು ಮತ್ತೆ ಫೋನು ಹಚ್ಚಿದಳು.

“ಮಲ್ಲಿಕಾ, ಇದನ್ನ ನೀನ ಕಳಿಸೀಯೇನವ್ವ?”

“ಹೂಂರಿ, ನಾನ ಕಳಿಸೇನಿ. ಯಾಕ್ರಿ?”

ಪಕ್ಕದಲ್ಲಿ ಫರ್ಹತ ತಲೆ ಬಗ್ಗಿಸಿ ನಕ್ಕಳು.

ಮಾದೇವಿ ಒತ್ತಿದಳು. ಗಾಜಿನ ಮೇಲೆ ಕಿಟಕಿಯ ಬೆಳಕು ಬಿದ್ದಿತ್ತು, ಒಂದು ಮೂಲೆಗೆ ಕುಂಕುಮ ಹತ್ತಿತ್ತು. ಒಳಗೆ ಅವಳೇ ಅಚ್ಚು ಹಾಕಿದ ಅಕ್ಷರ, ಒಂದರಿಂದ ಎಂಬತ್ತನಾಲ್ಕರವರೆಗೆ, ಒಂದೂ ಅಳಿಯದೆ. ಬೆರಳಿನಿಂದ ಹಿಗ್ಗಿಸಿ ಹಿಗ್ಗಿಸಿ ಓದುತ್ತ ಕೆಳಗಿಳಿದಳು. ಬೋರಿಗಿಡದ ಪಟ್ಟಿ. ಗುಬ್ಬಿಗಲ್ಲ. ಮದುಮಗಳು ಮಲಗಿದ ಮಡ್ಡಿ. ಕೊನೆಯ ಅಚ್ಚಿನ ಸಾಲಿನ ಕೆಳಗೆ ಹಾಳೆ ಮುಗಿದಿರಲಿಲ್ಲ. ಅಲ್ಲಿ ನೀಲಿ ಪೆನ್ನಿನಲ್ಲಿ, ಬೇರೆ ಕೈಯಲ್ಲಿ, ಎಂಬತ್ತೈದು, ಎಂಬತ್ತಾರು ಎಂದು ಮುಂದುವರಿದಿತ್ತು.

“ಅದು ನಾ ಬರದದ್ರಿ,” ಎಂದಳು ಮಲ್ಲಿಕಾ ಫೋನಿನಲ್ಲಿ. “ಬಂದ ಮ್ಯಾಲೆ ಅಮ್ಮಗ ರೊಟ್ಟಿ ಬಡಿಯೂಮುಂದ ಒಂದೊಂದು ನೆನಪಾಗತಿದ್ವು. ಹಾಳಿ ತಾ, ಒಂದು ಉಳದೈತಿ ಅಂತಿದ್ಲು. ಕಾಜು ಬಿಚ್ಚಿ ಬಿಚ್ಚಿ ಬರಿಸ್ಯಾಳ್ರಿ.”

ಹನ್ನೊಂದು ಹೆಸರು ಹೆಚ್ಚು ಇದ್ದವು. ಎಲ್ಲಕ್ಕಿಂತ ಕೆಳಗಿನದನ್ನು ಮಾದೇವಿ ಒಮ್ಮೆ ಓದಿ, ಕನ್ನಡಕ ತೆಗೆದು ಒರೆಸಿ, ಮತ್ತೆ ಓದಿದಳು. ಬರಿಯಾಕಿ ಬದು, ಎಂದಿತ್ತು.

“ಇದ್ಯಾವುದವ್ವ? ಇದನ್ನ ನಾ ಕೇಳಿಲ್ಲ.”

“ನಮ್ಮ ಶೇಂಗಾದ ಹೊಲದ ಬದು ಐತಲ್ಲರಿ, ಬೇವಿನಗಿಡದ್ದು. ನೀವು ಒಂದಿನ ಪೂರಾ ವಹಿ ಹಿಡಕೊಂಡು ಬರಿಯಾಕ ಕುಂತಿದ್ರಂತಲ್ಲ. ಅವತ್ತಿಂದ ಅಮ್ಮ ಹಂಗ ಅನ್ನಾಕತ್ತಿದ್ಲು, ಈಗ ಊರಾಗ ಎಲ್ಲಾರೂ ಹಂಗ ಅಂತಾರ. ಬುತ್ತಿ ಬರಿಯಾಕಿ ಬದುವಿಗೆ ತಾ ಅಂದ್ರ ಹುಡುಗ್ರಿಗೂ ಗೊತ್ತಾಕ್ಕೈತಿ.”

ಹೆಸರುಗಳು ಹಿಂದಿನ ಕಾಲದಿಂದ ಮಾತ್ರ ಬರುತ್ತವೆಂದು, ಇದ್ದದ್ದನ್ನು ಕಾಯುವುದಷ್ಟೇ ತನ್ನ ಕೆಲಸವೆಂದು ಮಾದೇವಿ ಏಳು ವರ್ಷ ತಿಳಿದಿದ್ದಳು.

ಬಸ್ಸಿನ ಹೊತ್ತಾಗಿತ್ತು. ಫರ್ಹತ ಚೀಲ ಹೆಗಲಿಗೇರಿಸಿ ಬಾಗಿಲಲ್ಲಿ ನಿಂತು, ಜಗುಲಿಯ ತಟ್ಟೆಯಲ್ಲಿ ಮೊನ್ನೆಯಿಂದ ಉಳಿದಿದ್ದ ಬನ್ನಿಯ ಕಡೆ ಕೈಮಾಡಿದಳು.

“ಅದನ್ನ ಎರಡೆಲಿ ಕೊಡ್ರಿ ಅಕ್ಕಾರ. ಅದಕ್ಕ ಫೋನ್ ಮಾಡಿ ಕೇಳೂದು ಬ್ಯಾಡ.”

ಮಾದೇವಿ ಕೊಟ್ಟಳು. ಫರ್ಹತ ಅದರಲ್ಲಿ ಒಂದೆಲೆ ತಿರುಗಿ ಕೊಟ್ಟಳು.

ಅವಳು ಹೋದ ಮೇಲೆ ಮಾದೇವಿ ಕುರ್ಚಿಗೆ ಬಂದು ಕೂತು, ಹೊಸ ಕಡತ ತೆರೆದು ಭರಮವ್ವ–ಅಬಲೂರು ಎಂದು ಬರೆದಳು. ಫೋಟೋ ನೋಡಿಕೊಂಡು ಒಂದನೆಯದರಿಂದ ಶುರು ಮಾಡಿದಳು. ತೊಂಬತ್ತೈದನೆಯದನ್ನು ಬರೆದು, ಹೇಳಿದವರು ಯಾರು ಎಂಬಲ್ಲಿ ಭರಮವ್ವನ ಹೆಸರನ್ನೂ ಬರೆದುಕೊಂಡವರು ಯಾರು ಎಂಬಲ್ಲಿ ಮಲ್ಲಿಕಾಳ ಹೆಸರನ್ನೂ ಹಾಕಿದಳು. ಆಮೇಲೆ ಬಗ್ಗಿ, ಮೇಜಿನ ಕೆಳಗಿನ ಡಬ್ಬಿಯ ಮೇಲೆ ಅಂಗೈ ಇಟ್ಟು ನೋಡಿದಳು. ಬೆಚ್ಚಗಿತ್ತು.